ಪಾರಿವಾಳಕ್ಕೆ ಬರೀ ಸಜ್ಜೆನಾ, ಮಿಕ್ಸ್ ಕಾಳಾ, ಪ್ಯಾಕೆಟ್ ಫೀಡಾ? ಯಾವ ಹಕ್ಕಿಗೆ ಯಾವ್ದು ಸರಿ

ಪಾರಿವಾಳ ಹೊಸದಾಗಿ ತಂದೋರು ಮೊದ್ಲು ಕೇಳೋದು ಯಾವ ಕಾಳು ಹಾಕ್ಬೇಕು ಅಂತ, ಹತ್ತು ಜನ ಸಾಕೋರ್ನ ಕೇಳಿದ್ರೆ ಹತ್ತು ಥರ ಹೇಳ್ತಾರೆ. ಸಜ್ಜೆ ಬಿಟ್ಟು ಬೇರೆ ಏನೂ ಮುಟ್ಟಬೇಡಿ ಅಂತ ಒಬ್ರು, ಏಳೆಂಟು ಕಾಳು ಮಿಕ್ಸ್ ಮಾಡ್ಲೇಬೇಕು ಅಂತ ಇನ್ನೊಬ್ರು, ಇಷ್ಟೆಲ್ಲ ತಲೆನೋವು ಯಾಕೆ ಕೋಳಿ ಫೀಡ್ ಹಾಕಿ ಮರಿ ಹೆಂಗೆ ದಪ್ಪ ಆಗ್ತವೆ ನೋಡಿ ಅಂತ ಮತ್ತೊಬ್ರು. ಎಲ್ರೂ ಅನುಭವದಿಂದ್ಲೇ ಹೇಳೋದು, ಅವ್ರವ್ರ ಹಕ್ಕಿಗೆ ಅದು ಸರಿಹೋಗಿದೆ ಕೂಡ. ಆದ್ರೆ ದಿನಾ ಗಂಟೆಗಟ್ಟಲೆ ಆಕಾಶದಲ್ಲಿ ಇರೋ ಹೈಫ್ಲೈಯರ್, ಎರಡು ಮರಿಗೆ ಉಣಿಸ್ತಿರೋ ಜೋಡಿ, ಗೂಡಿಂದ ಆಚೆನೇ ಬರದ ಬೀಸಣಿಗೆ ಬಾಲದ ಲಕ್ಕಾ, ಈ ಮೂರಕ್ಕೂ ಒಂದೇ ಡಬ್ಬದಿಂದ ಒಂದೇ ಕಾಳು ಹಾಕಿದ್ರೆ ಯಾವ್ದೋ ಒಂದಕ್ಕೆ ಕಮ್ಮಿ ಬಿದ್ದೇ ಬೀಳುತ್ತೆ. ಹಂಗಾಗಿ ಕಾಳು ಆರಿಸೋಕೆ ಮುಂಚೆ ನಿಮ್ಮ ಹಕ್ಕಿ ಈ ತಿಂಗ್ಳು ಏನು ಕೆಲ್ಸ ಮಾಡ್ತಿದೆ ಅಂತ ನೋಡ್ಕೊಳ್ಳಿ, ಉಳಿದಿದ್ದೆಲ್ಲ ಅದ್ರಿಂದ ತಾನಾಗೇ ತೀರ್ಮಾನ ಆಗುತ್ತೆ. ಹಳಬರಿಗೆ ಇದು ಗೊತ್ತಿತ್ತು. ಅಕ್ಬರನ ಪಾರಿವಾಳಗಳ ಬಗ್ಗೆ ಅವನ ಆಸ್ಥಾನದಲ್ಲಿದ್ದ ಅಬುಲ್ ಫಜಲ್ ಬರೆದಿಟ್ಟಿರೋದ್ರಲ್ಲೂ ಹಾರಿಸೋ ಹಕ್ಕಿಗೆ ಬರೀ ಸಿರಿಧಾನ್ಯ, ಮಿಕ್ಕವಕ್ಕೆ ಅಕ್ಕಿ, ಬೇಳೆ, ಜೋಳ ಎಲ್ಲ ಸೇರಿಸಿ ಏಳು ಥರದ ಕಾಳು ಅಂತ ಬೇರೆ ಬೇರೆ ಲೆಕ್ಕ ಇದೆ.

ಮೊದ್ಲು ಪಾರಿವಾಳ ಹೆಂಗೆ ತಿನ್ನುತ್ತೆ ಅಂತ ಸ್ವಲ್ಪ. ಗಿಣಿ ಥರ ಸಿಪ್ಪೆ ಸುಲಿಯಲ್ಲ, ಕಾಳನ್ನ ಹಂಗೇ ನುಂಗುತ್ತೆ. ಅದು ಮೊದ್ಲು ಗಂಟಲ ಚೀಲದಲ್ಲಿ ಹೋಗಿ ಕೂತು ನೆನೆಯುತ್ತೆ, ಆಮೇಲೆ ಗಿಜರ್ಡ್ ಅಂತ ಇರೋ ಗಟ್ಟಿ ಹೊಟ್ಟೆಲಿ ಸಣ್ಣ ಕಲ್ಲುಗಳ ಮಧ್ಯೆ ಅರೆದು ಪುಡಿ ಆಗುತ್ತೆ. ನಾಲಿಗೆಲಿ ರುಚಿ ಹಿಡಿಯೋ ಶಕ್ತಿ ನಮ್ಮಷ್ಟಿಲ್ಲ, ಆರಿಸೋದೆಲ್ಲ ಕಣ್ಣಲ್ಲೇ, ಕಾಳಿನ ಸೈಜು, ಬಣ್ಣ, ಆಕಾರ ನೋಡಿ. ಚಿಕ್ಕಂದಿಂದ ಯಾವ ಕಾಳು ನೋಡಿರುತ್ತೋ ಅದಕ್ಕೇ ಮೊದ್ಲು ಕೊಕ್ಕು ಹಾಕುತ್ತೆ, ಬರೀ ಸಜ್ಜೆಲಿ ಬೆಳೆದ ಹಕ್ಕಿ ಮುಂದೆ ಬಟಾಣಿ ಇಟ್ರೆ ಅದು ಕಲ್ಲೇನೋ ಅನ್ನೋ ಹಾಗೆ ಪಕ್ಕಕ್ಕೆ ತಳ್ಳುತ್ತೆ. ಹಂಗಂತ ನಮ್ಮ ಹಕ್ಕಿಗೆ ಬಟಾಣಿ ಆಗಿಬರಲ್ಲ ಅಂತ ತೀರ್ಮಾನ ಮಾಡ್ಬೇಡಿ. ಬಟಾಣಿ ತಿನ್ನೋ ಇನ್ನೊಂದು ಹಕ್ಕಿ ಜೊತೆ ಬಿಡಿ, ಪಕ್ಕದ್ದು ತಿನ್ನೋದು ನೋಡಿ ಇದೂ ಕಲಿಯುತ್ತೆ.

ಮಿಕ್ಸ್ ಹಾಕಿದಾಗ ಒಂದ್ಸಲ ಪಕ್ಕದಲ್ಲಿ ಕೂತು ನೋಡಿ. ಕೊಕ್ಕಲ್ಲಿ ಎಡಕ್ಕೊಂದ್ಸಲ ಬಲಕ್ಕೊಂದ್ಸಲ ಕಾಳು ಎರಚಿ ಎರಚಿ ತನಗೆ ಬೇಕಾಗಿದ್ದನ್ನ ಹುಡುಕುತ್ತೆ, ಬಟಾಣಿ, ಮೆಕ್ಕೆಜೋಳ, ಕುಸುಬೆ ಇಂಥವು ಸಾಮಾನ್ಯವಾಗಿ ಮೊದ್ಲು ಖಾಲಿ, ಗೋಧಿ ಕೊನೆಗೆ, ಜವೆಗೋಧಿ ಹಾಕಿದ್ರೆ ಅದು ಎಲ್ಲಕ್ಕಿಂತ ಕೊನೆಗೆ. ರೇಸ್ ಹಕ್ಕಿ ಸಾಕೋರು ಇದನ್ನೇ ಅಳತೆ ಮಾಡ್ಕೊಂಡಿದ್ದಾರೆ, ಹಕ್ಕಿ ಜವೆಗೋಧಿ ಬಿಡೋಕೆ ಶುರು ಮಾಡ್ತು ಅಂದ್ರೆ ಹೊಟ್ಟೆ ತುಂಬಿದೆ ಅಂತ ಲೆಕ್ಕ, ಕಾಳು ಹಾಕೋದು ನಿಲ್ಲಿಸ್ತಾರೆ. ಇದ್ರಲ್ಲಿ ಒಂದು ಮುಖ್ಯ ವಿಷ್ಯ ಇದೆ. ಹಕ್ಕಿ ಇಷ್ಟಪಡೋದೇ ಅದಕ್ಕೆ ಬೇಕಾಗಿರೋದು ಅಂತೇನಿಲ್ಲ. ಯಾವಾಗ್ಲೂ ತಟ್ಟೆ ತುಂಬ ಮಿಕ್ಸ್ ಇಟ್ರೆ ಜೋರಿರೋ ಗಂಡು ಬಂದು ಎಣ್ಣೆಕಾಳೆಲ್ಲ ಆರಿಸಿ ತಿಂದು ಕೊಬ್ಬುತ್ತೆ, ಪಾಪ ಹಿಂದೆ ನಿಂತಿರೋ ಹೆಣ್ಣಿಗೆ, ಹೊಸದಾಗಿ ಗೂಡಿಂದ ಇಳಿದ ಮರಿಗೆ ಗೋಧಿ ಮಾತ್ರ ಉಳಿಯುತ್ತೆ.

ಈಗ ಒಂದೊಂದೇ ನೋಡೋಣ.

ಬರೀ ಸಜ್ಜೆ

ಕರ್ನಾಟಕದಲ್ಲಿ ಜಾಸ್ತಿ ಜನ ಹಾಕೋದು ಇದನ್ನೇ. ಕೊಪ್ಪಳ, ರಾಯಚೂರು, ವಿಜಯಪುರ ಕಡೆ ಚೆನ್ನಾಗಿ ಬೆಳೀತಾರೆ, ದಿನಸಿ ಅಂಗಡಿಲಿ ಸುಲಭವಾಗಿ ಸಿಗುತ್ತೆ. ಕಾಳು ಚಿಕ್ಕದು, ನುಂಗೋಕೆ ಸಲೀಸು, ಬೇಗ ಅರಗುತ್ತೆ. 100 ಗ್ರಾಮಿಗೆ ಸುಮಾರು 11 ಗ್ರಾಂ ಪ್ರೋಟೀನ್, 5 ಗ್ರಾಂ ಕೊಬ್ಬು ಇದೆ, ಅಂದ್ರೆ ಗೋಧಿ ಅಕ್ಕಿಗಿಂತ ಕೊಬ್ಬು ಜಾಸ್ತಿ. ಹೈಫ್ಲೈಯರ್ ಹಾರಿಸೋರು ಸಜ್ಜೆ ಬಿಡದೇ ಇರೋದಕ್ಕೆ ಕಾರಣ ಇದೆ, ಹಕ್ಕಿ ಹಗುರ ಇರುತ್ತೆ, ಹೊಟ್ಟೆ ಭಾರ ಆಗಲ್ಲ, ಅಳತೆ ಹಿಡಿದು ಹಾಕೋದೂ ಸುಲಭ.

ಆದ್ರೆ ಮರಿ ಇದ್ದಾಗ ಬರೀ ಸಜ್ಜೆ ಸಾಲಲ್ಲ. ಸುಮ್ನೆ ಇರೋ ಹಕ್ಕಿಗೆ 12 ಪರ್ಸೆಂಟ್ ಆಸುಪಾಸು ಪ್ರೋಟೀನ್ ಸಾಕು, ಮರಿ ಮಾಡೋ ಜೋಡಿಗೆ 14ರಿಂದ 16 ಬೇಕು. ಅದ್ರ ಜೊತೆಗೆ ಲೈಸಿನ್ ಅನ್ನೋ ಅಂಶ ಧಾನ್ಯದಲ್ಲಿ ಕಮ್ಮಿ, ಬೇಳೆಕಾಳಲ್ಲಿ ಜಾಸ್ತಿ, ನಾವು ಅನ್ನಕ್ಕೆ ಸಾರು ಹಾಕ್ಕೊಂಡು ತಿನ್ನೋದ್ರಲ್ಲಿ ಇರೋ ಲೆಕ್ಕನೇ ಇಲ್ಲೂ ಇರೋದು. ಕ್ಯಾಲ್ಸಿಯಂ ಅಂತೂ ಸಜ್ಜೆಲಿ ತೀರಾ ಕಮ್ಮಿ. ಬರೀ ಸಜ್ಜೆಲಿ ಮರಿ ಬೆಳೆಸಿದ್ರೆ ಎರಡು ಮರಿಲಿ ಒಂದು ಚೆನ್ನಾಗಿ ಬಂದು ಇನ್ನೊಂದು ಸೊರಗೋದು, ಗರಿ ನಿಧಾನವಾಗಿ ಬರೋದು, ಇಂಥವು ಕಾಣಿಸ್ಕೊಳ್ಳುತ್ತೆ.

ಮನೇಲೇ ಮಾಡೋ ಮಿಕ್ಸ್

ನನ್ನ ಓಟು ಇದಕ್ಕೆ. ಯಾಕಂದ್ರೆ ಕಾಳು ಒಂದೊಂದೂ ನಿಮ್ಮ ಕಣ್ಣ ಮುಂದೆ ಇರುತ್ತೆ, ಮೂಸಿ ನೋಡಿ ತರ್ಬಹುದು, ಹಕ್ಕಿ ಸ್ಥಿತಿ ಬದಲಾದ ಹಾಗೆ ಅಳತೆ ಬದಲಾಯಿಸ್ಬಹುದು.

ಸುಮ್ನೆ ಇರೋ ಹಕ್ಕಿಗೆ, ಅಂದ್ರೆ ಮೊಟ್ಟೆ ಮರಿ ಇಲ್ಲ, ರೇಸ್ ಇಲ್ಲ, ಆಗ ಹತ್ತು ಕೆಜಿಗೆ ಸಜ್ಜೆ 4, ಬಿಳಿ ಜೋಳ 2, ಗೋಧಿ 2, ಮೆಕ್ಕೆಜೋಳ 1, ಹೆಸರುಕಾಳು ಇಲ್ಲಾ ಬಟಾಣಿ 1. ಲೆಕ್ಕ ಹಾಕಿದ್ರೆ ಪ್ರೋಟೀನ್ 12ರ ಹತ್ರ ಬರುತ್ತೆ. ಜೋಡಿ ಕಟ್ಟಿ ಮೊಟ್ಟೆಗೆ ಕೂತ್ರೆ ಅಳತೆ ಬದಲಾಯಿಸಿ, ಸಜ್ಜೆ ಎರಡೂವರೆ, ಗೋಧಿ 2, ಮೆಕ್ಕೆಜೋಳ 2, ಬಟಾಣಿ ಒಂದೂವರೆ, ಹೆಸರುಕಾಳು ಒಂದೂವರೆ, ಕುಸುಬೆ ಅರ್ಧ. ಇದು ಸುಮಾರು 14 ಆಗುತ್ತೆ. ಮೊಟ್ಟೆ ಒಡೆಯೋಕೆ ಸುಮಾರು 18 ದಿನ ಬೇಕು, ಅದು ಒಡೆಯೋದ್ರೊಳಗೆ ಹಕ್ಕಿ ಈ ಮಿಕ್ಸ್‌ಗೆ ಒಗ್ಗಿರ್ಬೇಕು, ಮರಿ ಬಂದಮೇಲೆ ಬದಲಾಯಿಸೋಣ ಅಂತ ಕಾಯ್ಬೇಡಿ. ಅಪ್ಪ ಅಮ್ಮ ಎರಡೂ ಗಂಟಲ ಚೀಲದಲ್ಲಿ ಒಂಥರಾ ಮೊಸರಿನಂಥ ಹಾಲು ಮಾಡ್ತವೆ, ಪ್ರೋಟೀನ್ ಕೊಬ್ಬು ತುಂಬಿರೋ ಹಾಲು, ಮೊದಲ ಮೂರ್ನಾಲ್ಕು ದಿನ ಮರಿಗೆ ಅದೇ ಊಟ, ಆಮೇಲೆ ನಿಧಾನವಾಗಿ ಅದ್ರ ಜೊತೆ ನೆನೆದ ಕಾಳು ಸೇರುತ್ತೆ. ಮರಿ ತನ್ನ ಕೊಕ್ಕನ್ನ ಅಪ್ಪನ ಬಾಯೊಳಗೆ ಇಟ್ಟು ಎರಡೂ ಮೈ ಅಲುಗಾಡಿಸ್ತಾ ಉಣಿಸೋದು ನೋಡ್ತಿದ್ರೆ ಆ ಹಕ್ಕಿ ಎಷ್ಟು ದುಡೀತಿದೆ ಅಂತ ಗೊತ್ತಾಗುತ್ತೆ, ಆ ಟೈಮಲ್ಲಿ ಅದಕ್ಕೆ ಕಾಳು ಅಳೆದು ಹಾಕೋದು ನಿಜವಾಗ್ಲೂ ಅನ್ಯಾಯ, ಹೊಟ್ಟೆ ತುಂಬ ಇಡಿ.

ದೂರ ಬಿಟ್ರೂ ಗೂಡಿಗೆ ವಾಪಸ್ ಬರೋ ರೇಸ್ ಹಕ್ಕಿ ಹೋಮರ್‌ಗೆ ಬೇರೆ ಲೆಕ್ಕ. ನಮ್ಮ ದಕ್ಷಿಣದ ಕಡೆ ರೇಸ್ ನಡೆಯೋದು ವರ್ಷದ ಮೊದಲ ತಿಂಗಳುಗಳಲ್ಲಿ. ದೂರ ಹಾರೋವಾಗ ಪಾರಿವಾಳ ಉರಿಸೋದು ಮುಖ್ಯವಾಗಿ ಕೊಬ್ಬನ್ನ, ಹಂಗಾಗಿ ದೂರದ ರೇಸ್‌ಗೆ ಮುಂಚಿನ ಕೆಲವು ದಿನ ಮೆಕ್ಕೆಜೋಳ, ಕುಸುಬೆ ಜಾಸ್ತಿ, ಕೊನೆಗೆ ಸ್ವಲ್ಪ ಹಸಿ ಶೇಂಗಾ ಬೀಜ. ವಾಪಸ್ ಬಂದ ದಿನ ಹಗುರ ಕಾಳು. ಇಡೀ ಸೀಸನ್ ಬೇಳೆಕಾಳು ತುಂಬಿಸೋದ್ರಿಂದ ಪ್ರಯೋಜನ ಇಲ್ಲ, ಮೈಗೆ ಬೇಡದ ಪ್ರೋಟೀನನ್ನ ಹೊರಗೆ ಹಾಕೋಕೆ ಕಿಡ್ನಿ ದುಡೀಬೇಕು, ನೀರೂ ಜಾಸ್ತಿ ಬೇಕು.

ಗರಿ ಉದುರಿಸೋ ಕಾಲದಲ್ಲಿ ಮತ್ತೆ ಪ್ರೋಟೀನ್ ಬೇಕು, ಗರಿ ಅನ್ನೋದೇ ಪ್ರೋಟೀನು. ಆಗ ಬಟಾಣಿ, ಹೆಸರಿನ ಜೊತೆ ಒಂಚೂರು ಅಗಸೆ, ಸಾಸಿವೆ, ಕುಸುಬೆ ಸೇರ್ಸಿದ್ರೆ ಹೊಸ ಗರಿಗೆ ಒಳ್ಳೇ ಹೊಳಪು ಬರುತ್ತೆ.

ಯಾವ ಕಾಳು ಬೇಡ ಅಂದ್ರೆ ಹಸಿ ರಾಜ್ಮಾ, ಹಸಿ ಸೋಯಾ. ಬೇಯಿಸದೇ ಇದ್ರೆ ಎರಡೂ ಹೊಟ್ಟೆಗೆ ತೊಂದ್ರೆ ಮಾಡೋ ಕಾಳುಗಳು, ನಾವೂ ಹಸಿ ತಿನ್ನಲ್ಲ. ಕಡಲೆ ಹಾಕ್ಬಹುದು, ಆದ್ರೆ ಅದು ದಪ್ಪ ಇರುತ್ತೆ, ಹಂಗಾಗಿ ಚಿಕ್ಕ ಕಡಲೆ ಆರಿಸಿ. ಹಸಿರು ಒಣ ಬಟಾಣಿ ತರೋವಾಗ ಹುಷಾರು, ಬಣ್ಣ ಹಾಕಿ ಮಾರೋರು ಇರ್ತಾರೆ, ಒಂದು ಹಿಡಿ ನೀರಲ್ಲಿ ನೆನೆಸಿಡಿ, ನೀರು ಪೂರ್ತಿ ಹಸಿರಾದ್ರೆ ಆ ಕಾಳು ಹಕ್ಕಿಗೂ ಬೇಡ ಮನೆಯೋರಿಗೂ ಬೇಡ. ಬಿಳಿ ಬಟಾಣಿ ತಂದ್ರೆ ಆ ತಲೆನೋವೇ ಇಲ್ಲ.

ರಾಗಿ ಬಗ್ಗೆ ತುಂಬಾ ಜನ ಕೇಳ್ತಾರೆ, ಹಳೇ ಮೈಸೂರು ಕಡೆಯೋರ ಮನೇಲಿ ರಾಗಿ ಇದ್ದೇ ಇರುತ್ತಲ್ಲ. ಹಾಕಿ, ತೊಂದ್ರೆ ಏನಿಲ್ಲ, 100 ಗ್ರಾಮಿಗೆ 300 ಮಿಲಿಗ್ರಾಂ ಮೇಲೆ ಕ್ಯಾಲ್ಸಿಯಂ ಇರೋ ಧಾನ್ಯ ಅದು. ಆದ್ರೆ ಪ್ರೋಟೀನ್ 7 ಅಷ್ಟೇ, ಕಾಳೂ ತುಂಬಾ ಸಣ್ಣ, ದೊಡ್ಡ ಹಕ್ಕಿಗಳು ಒಂದೊಂದೇ ಆರಿಸೋಕೆ ಬೇಜಾರು ಮಾಡ್ಕೊಳ್ತವೆ. ಗಿಡ್ಡ ಕೊಕ್ಕಿನ ಜಾತಿಗಳಿಗಾದ್ರೆ ರಾಗಿ, ನವಣೆ, ಸಜ್ಜೆ, ಸಣ್ಣ ಹೆಸರು ಬಹಳ ಒಳ್ಳೇದು, ಅವಕ್ಕೆ ಮೆಕ್ಕೆಜೋಳ ಬಟಾಣಿ ಎತ್ತೋಕೆ ಕಷ್ಟ. ಹಾಕ್ಲೇಬೇಕು ಅಂದ್ರೆ ಒಡೆದು ಹಾಕಿ, ಆದ್ರೆ ಒಡೆದ ಮೆಕ್ಕೆಜೋಳ ಬೇಗ ಕೆಡುತ್ತೆ, ಒಂದೆರಡು ವಾರಕ್ಕಾಗೋಷ್ಟು ಮಾತ್ರ ಒಡೆಸಿ.

ಅಕ್ಕಿ? ಹಸಿ ಅಕ್ಕಿ ಹೊಟ್ಟೇಲಿ ಊದ್ಕೊಂಡು ಹಕ್ಕಿ ಸಾಯುತ್ತೆ ಅಂತ ಸುದ್ದಿ ಓಡಾಡುತ್ತೆ, ಅದು ಸುಳ್ಳು. ಪಾಲಿಶ್ ಅಕ್ಕಿಲಿ ಸತ್ವ ಕಮ್ಮಿ ಅನ್ನೋದಷ್ಟೇ ನಿಜ, ಮಿಕ್ಸಲ್ಲಿ ಸ್ವಲ್ಪ ಇದ್ರೆ ಪರವಾಗಿಲ್ಲ. ಮಿಕ್ಕ ಅನ್ನ, ಬ್ರೆಡ್ಡು, ಖಾರಾಬೂಂದಿ, ಚಿಪ್ಸ್, ಬಿಸ್ಕೆಟ್ ಬೇಡ್ವೇ ಬೇಡ, ಅನ್ನ ಗಂಟಲ ಚೀಲದಲ್ಲಿ ಹುಳಿ ಬರುತ್ತೆ, ಉಪ್ಪು ಹಕ್ಕಿಗೆ ಬೇಗ ವಿಷ ಆಗುತ್ತೆ. ಚಾಕ್ಲೇಟು, ಬೆಣ್ಣೆಹಣ್ಣು, ಈರುಳ್ಳಿನೂ ದೂರ ಇಡಿ.

ಪ್ಯಾಕೆಟ್ ಮಿಕ್ಸ್

ಎರಡು ಥರ ಸಿಗುತ್ತೆ. ಒಂದು ಇಲ್ಲಿನ ಅಂಗಡಿಯೋರೇ ಪ್ಯಾಕ್ ಮಾಡಿ ಮಾರೋದು, ಇನ್ನೊಂದು ಬೆಲ್ಜಿಯಂ ಕಡೆಯಿಂದ ಬರೋ ದುಬಾರಿ ಚೀಲಗಳು. ಬೆಲ್ಜಿಯಂ ಅಂದ್ರೆ ಪಾರಿವಾಳ ರೇಸ್‌ನ ತವರುಮನೆ, ಅವ್ರ ಮಿಕ್ಸ್ ಚೆನ್ನಾಗೇ ಇರುತ್ತೆ, ಕಾಳು ಶುದ್ಧ, ಪ್ರೋಟೀನ್ ಎಷ್ಟು ಕೊಬ್ಬು ಎಷ್ಟು ಅಂತ ಚೀಲದ ಮೇಲೇ ಬರೆದಿರುತ್ತೆ, ಮರಿಗೆ ಬೇರೆ ರೇಸ್‌ಗೆ ಬೇರೆ ಗರಿಗೆ ಬೇರೆ ಅಂತ ಮಾಡಿರ್ತಾರೆ. ರೇಸ್ ಸೀರಿಯಸ್ಸಾಗಿ ಆಡೋರು, ಅದ್ರಲ್ಲೂ ಇಪ್ಪತ್ತರೊಳಗೆ ಹಕ್ಕಿ ಇರೋರು ತರಿಸ್ಕೊಳ್ಳೋದ್ರಲ್ಲಿ ಅರ್ಥ ಇದೆ. ಮಾಳಿಗೆ ಮೇಲೆ ಎಂಟು ಲಕ್ಕಾ ಸಾಕೋರಿಗೆ ಅದು ದಂಡ ಖರ್ಚು, ಅಲ್ಲಿರೋ ಕಾಳಲ್ಲಿ ಮುಕ್ಕಾಲು ನಿಮ್ಮ ಎಪಿಎಂಸಿ ಯಾರ್ಡಲ್ಲೇ ಸಿಗುತ್ತೆ, ಅದೂ ಹೊಸದು.

ಲೋಕಲ್ ಪ್ಯಾಕೆಟ್ ತಗೊಳ್ಳೋದಾದ್ರೆ ಬಿಳಿ ಪೇಪರ್ ಮೇಲೆ ಒಂದು ಹಿಡಿ ಸುರಿದು ನೋಡಿ. ಪುಡಿ, ಹೊಟ್ಟು, ತೂತು ಬಿದ್ದ ಕಾಳು ಎಷ್ಟಿದೆ, ಬೇಳೆಕಾಳು ನಿಜವಾಗ್ಲೂ ಇದ್ಯಾ ಇಲ್ಲ ಬರೀ ಗೋಧಿ ಜೋಳ ತುಂಬಿದ್ದಾರಾ ನೋಡಿ. ಮೂಗಿಗೆ ಮುಗ್ಗಲು ವಾಸನೆ ಬಂದ್ರೆ ಅಲ್ಲೇ ಬಿಟ್ಟು ಬನ್ನಿ.

ಕೋಳಿ ಫೀಡು, ಪೆಲ್ಲೆಟ್

ಪೆಲ್ಲೆಟ್ ಅಂದ್ರೆ ಕಾಳೆಲ್ಲ ಪುಡಿ ಮಾಡಿ ಒತ್ತಿ ಮಾಡಿದ ಸಣ್ಣ ಗುಳಿಗೆ. ಅದ್ರ ಒಳ್ಳೇ ಗುಣ ಅಂದ್ರೆ ಹಕ್ಕಿ ಆರಿಸಿ ತಿನ್ನೋಕಾಗಲ್ಲ, ಪ್ರತಿ ತುತ್ತೂ ಒಂದೇ. ಪಾರಿವಾಳಕ್ಕೇ ಅಂತ ಮಾಡಿದ ಪೆಲ್ಲೆಟ್ ಸಿಕ್ಕಿದ್ರೆ ಮರಿ ಮಾಡೋ ಜೋಡಿಗೆ ಕಾಳಿನ ಜೊತೆ ಕಾಲು ಭಾಗ ಸೇರಿಸ್ಬಹುದು. ನಮ್ಮಲ್ಲಿ ಆಗೋದೇನಂದ್ರೆ ಅದು ಸಿಗದೇ ಬ್ರಾಯ್ಲರ್ ಸ್ಟಾರ್ಟರ್ ತಂದು ಹಾಕ್ತಾರೆ. ಅದ್ರಲ್ಲಿ ಪ್ರೋಟೀನ್ 22ರ ಹತ್ರ ಇರುತ್ತೆ, ಆರು ವಾರದಲ್ಲಿ ಕೋಳಿ ಬೆಳೆಸೋಕೆ ಮಾಡಿರೋದು, ಎಷ್ಟೋ ಕಂಪನಿ ಫೀಡಲ್ಲಿ ಕಾಕ್ಸಿಡಿಯಾ ಅನ್ನೋ ಕರುಳಿನ ರೋಗಾಣು ತಡೆಯೋ ಔಷಧಿನೂ ಸೇರಿರುತ್ತೆ. ಮರಿ ದಪ್ಪ ಆಗುತ್ತೆ ನಿಜ. ಆದ್ರೆ ಹಿಕ್ಕೆ ನೀರಾಗುತ್ತೆ, ಗೂಡು ಒದ್ದೆ ಒದ್ದೆ, ನೀರು ಡಬಲ್ ಕುಡೀತವೆ. ಲೇಯರ್ ಫೀಡ್ ಅಂತೂ ಬೇಡ, ದಿನಾ ಮೊಟ್ಟೆ ಇಡೋ ಕೋಳಿಗೆ ಅಂತ 3.5 ಪರ್ಸೆಂಟ್ ಮೇಲೆ ಕ್ಯಾಲ್ಸಿಯಂ ಹಾಕಿರ್ತಾರೆ, ಪಾರಿವಾಳ ಇಡೋದು ಒಂದು ಸಲಕ್ಕೆ ಎರಡೇ ಮೊಟ್ಟೆ, ಗಂಡಿಗೂ ಮರಿಗೂ ಅಷ್ಟು ಕ್ಯಾಲ್ಸಿಯಂ ಕಿಡ್ನಿಗೆ ಹೊಡೆತ. ಕಿಂಗ್ ಥರ ಮಾಂಸಕ್ಕೆ ಸಾಕೋ ದೊಡ್ಡ ಜಾತಿ ಬಿಟ್ರೆ ಮಿಕ್ಕೋರಿಗೆ ನಾನಂತೂ ಕೋಳಿ ಫೀಡ್ ಹಾಕಿ ಅನ್ನಲ್ಲ.

ಗ್ರಿಟ್

ಮೇಲಿನ ನಾಲ್ಕರಲ್ಲಿ ಯಾವ್ದೇ ಆರಿಸಿದ್ರೂ ಗ್ರಿಟ್ ಬೇಕೇ ಬೇಕು, ಕಾಳಿಗೆ ದುಡ್ಡು ಸುರಿದು ಗ್ರಿಟ್ ಮರೆಯೋರು ಜಾಸ್ತಿ. ಎರಡು ಕೆಲ್ಸಕ್ಕೆ ಎರಡು ಥರ ಬೇಕು. ಅರೆಯೋಕೆ ಕರಗದ ಗಟ್ಟಿ ಕಲ್ಲಿನ ಚೂರು, ಕ್ಯಾಲ್ಸಿಯಂಗೆ ಕರಗೋ ಚಿಪ್ಪಿನ ಚೂರು. ಅಂಗಡಿಯ ಕೆಂಪು ಗ್ರಿಟ್‌ನಲ್ಲಿ ಎರಡೂ ಸೇರಿರುತ್ತೆ. ಮನೇಲಿ ಮಾಡೋರು ಸಮುದ್ರದ ಚಿಪ್ಪು ಕುಟ್ಟಿ, ಇಟ್ಟಿಗೆ ಚೂರು, ಸೌದೆ ಇದ್ದಿಲು, ಚೂರೇ ಚೂರು ಕಲ್ಲುಪ್ಪು ಸೇರಿಸ್ತಾರೆ, ಚೆನ್ನಾಗೇ ಕೆಲ್ಸ ಮಾಡುತ್ತೆ. ಕೋಳಿಮೊಟ್ಟೆ ಸಿಪ್ಪೆ ಹಾಕೋದಾದ್ರೆ ಕುದಿಸಿ ಒಣಗಿಸಿ ಪುಡಿ ಮಾಡಿ. ಚಿಕ್ಕ ಬಟ್ಟಲಲ್ಲಿ ಇಡಿ, ಒದ್ದೆ ಆದ್ರೆ ಬಿಸಾಕಿ. ಹೆಣ್ಣು ಮೆತ್ತನೆ ಸಿಪ್ಪೆ ಮೊಟ್ಟೆ ಇಟ್ರೆ ಇಲ್ಲಾ ಮೊಟ್ಟೆ ಬರದೇ ಮೂಲೇಲಿ ಮುದುಡಿ ಕೂತ್ರೆ ಕ್ಯಾಲ್ಸಿಯಂ ಕೊರತೆ ಇರ್ಬಹುದು, ಮೊಟ್ಟೆ ಸಿಕ್ಕಿಹಾಕ್ಕೊಂಡಿದ್ರೆ ಕಾಯ್ದೇ ತಕ್ಷಣ ಪಶುವೈದ್ಯರ ಹತ್ರ ಹೋಗಿ. ಬಿಸಿಲೂ ಬೇಕು, ಬಿಸಿಲು ಬೀಳದ ಗೂಡಲ್ಲಿ ವಿಟಮಿನ್ ಡಿ ಇಲ್ಲದೇ ತಿಂದ ಕ್ಯಾಲ್ಸಿಯಂ ಮೈಗೆ ಹತ್ತಲ್ಲ.

ತಟ್ಟೆಲಿ ಯಾವಾಗ್ಲೂ ಇಡೋದಾ, ಟೈಮಿಗೆ ಹಾಕೋದಾ

ಮರಿ ಇರೋ ಗೂಡಲ್ಲಿ ಬೆಳಗ್ಗಿಂದ ಸಂಜೆವರೆಗೂ ಕಾಳು ಇರ್ಲಿ. ಮಿಕ್ಕ ಹಕ್ಕಿಗೆ ಬೆಳಗ್ಗೆ ಒಂದ್ಸಲ ಸಂಜೆ ಒಂದ್ಸಲ. ಒಂದು ಪಾರಿವಾಳ ದಿನಕ್ಕೆ ತಿನ್ನೋದು 30ರಿಂದ 40 ಗ್ರಾಂ, ಹತ್ತು ಹಕ್ಕಿ ಇದ್ರೆ ತಿಂಗಳಿಗೆ ಹತ್ತು ಹನ್ನೊಂದು ಕೆಜಿ ಅಂತ ಇಟ್ಕೊಳ್ಳಿ. ಟೈಮಿಗೆ ಹಾಕೋದ್ರಿಂದ ಇನ್ನೊಂದು ಲಾಭ, ಯಾವ ಹಕ್ಕಿ ಊಟಕ್ಕೆ ಬರ್ಲಿಲ್ಲ ಅಂತ ಅವತ್ತೇ ಗೊತ್ತಾಗುತ್ತೆ. ಹಾರಿಸೋರಂತೂ ಹಸಿವಿದ್ದಾಗ್ಲೇ ಬಿಟ್ಟು, ಇಳಿದಮೇಲೆ ಕಾಳು ಡಬ್ಬ ಅಲ್ಲಾಡಿಸಿ ಕರೀತಾರೆ, ಹೊಟ್ಟೆ ತುಂಬಿದ ಹಕ್ಕಿ ಪಕ್ಕದ ಮನೆ ನೀರಿನ ಟ್ಯಾಂಕ್ ಮೇಲೆ ಕೂತ್ರೆ ಇಳಿಯಲ್ಲ. ನಮ್ಮ ಏರಿಯಾದಲ್ಲಿ ಎಲ್ರೂ ಭಾಯ್ ಅಂತ ಕರೆಯೋ ಹಿರಿಯರೊಬ್ರು ಯಾರ ಹಕ್ಕಿ ನೋಡಿದ್ರೂ ಮೊದ್ಲು ಕೈಗೆ ತಗೊಂಡು ಎದೆ ಮೂಳೆ ಮುಟ್ಟಿ ನೋಡ್ತಾರೆ. ಮೂಳೆ ಚಾಕು ಥರ ಚುಚ್ಚಿದ್ರೆ ಕಾಳು ಸಾಲ್ತಿಲ್ಲ ಇಲ್ಲಾ ಕಾಯಿಲೆ, ಮೂಳೆ ಕೈಗೇ ಸಿಗದೇ ಇದ್ರೆ ಕೊಬ್ಬು. ವಾರಕ್ಕೊಂದ್ಸಲ ಇದನ್ನ ಮಾಡಿದ್ರೆ ಯಾವ ಚಾರ್ಟೂ ಬೇಡ.

ನೀರು ದಿನಾ ಬದಲಾಯಿಸಿ, ಪಾತ್ರೆ ಉಜ್ಜಿ ತೊಳೀರಿ. ಪಾರಿವಾಳ ಕೊಕ್ಕು ಮುಳುಗಿಸಿ ಎಳೆದು ಕುಡಿಯೋದ್ರಿಂದ ಸ್ವಲ್ಪ ಆಳದ ಪಾತ್ರೆ ಬೇಕು. ಬಾಯಲ್ಲಿ ಹಳದಿ ಗಡ್ಡೆ ಕಟ್ಟೋ ಕ್ಯಾಂಕರ್ ರೋಗ ಒಂದರಿಂದ ಇನ್ನೊಂದಕ್ಕೆ ಹೋಗೋದು ನೀರಿಂದ, ಅಪ್ಪ ಅಮ್ಮನಿಂದ ಮರಿಗೆ ಆ ಗಂಟಲ ಚೀಲದ ಹಾಲಿಂದ್ಲೇ. ನೀರಿಗೆ ವಿನೆಗರ್ ಹಾಕೋ ಅಭ್ಯಾಸ ಇದ್ರೆ ಜಿಂಕ್ ಲೇಪದ ತಗಡಿನ ಪಾತ್ರೆಲಿ ಹಾಕ್ಬೇಡಿ, ಜಿಂಕ್ ನೀರಿಗೆ ಬಿಡುತ್ತೆ. ವಾರಕ್ಕೆ ಒಂದೆರಡು ಸಲ ಸಣ್ಣಗೆ ಹೆಚ್ಚಿದ ಪಾಲಕ್, ಮೆಂತ್ಯ, ನುಗ್ಗೆಸೊಪ್ಪು ಕೊಡಿ, ಮೊದ್ಲು ತುಳಿದು ಬಿಡ್ತವೆ, ಆಮೇಲೆ ಕಾದು ಕೂರ್ತವೆ.

ಕಾಳು ಕೆಡೋದು

ಎಂಥಾ ಮಿಕ್ಸ್ ಆದ್ರೂ ಬೂಷ್ಟು ಬಂದ್ರೆ ಅದು ವಿಷ. ಮೆಕ್ಕೆಜೋಳ, ಶೇಂಗಾ ಇವೆರಡರಲ್ಲಿ ಜಾಸ್ತಿ, ಒದ್ದೆ ತಾಗಿದ್ರೆ ಅಫ್ಲಾಟಾಕ್ಸಿನ್ ಅನ್ನೋ ವಿಷ ಹುಟ್ಟುತ್ತೆ, ಹಕ್ಕಿಗಳ ಲಿವರ್‌ಗೆ ಅದು ನೇರ ಹೊಡೆತ. 1960ರಲ್ಲಿ ಇಂಗ್ಲೆಂಡಲ್ಲಿ ಶೇಂಗಾ ಹಿಂಡಿ ತಿಂದು ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿ ಸತ್ತಾಗ್ಲೇ ಈ ವಿಷ ಏನು ಅಂತ ಜಗತ್ತಿಗೆ ಗೊತ್ತಾಗಿದ್ದು. ತೊಳೆದು ಒಣಗಿಸಿದ್ರೆ ಹೋಗಲ್ಲ. ದಾವಣಗೆರೆ, ಹಾವೇರಿ ಕಡೆ ಮೆಕ್ಕೆಜೋಳ ಚೆನ್ನಾಗಿ ಸಿಗುತ್ತೆ, ಆದ್ರೆ ಕೊಯ್ಲು ಟೈಮಲ್ಲಿ ಮಳೆ ಹಿಡಿದಿದ್ರೆ ಆ ವರ್ಷದ ಮಾಲು ಕಾಳಿನ ತುದಿ ನೋಡಿ ತಗೊಳ್ಳಿ, ಕಪ್ಪು ಹಸಿರು ಪುಡಿ ಕಂಡ್ರೆ ಬೇಡ. ಮಲೆನಾಡು, ಕರಾವಳಿಲಿ ಇರೋರು ಮಳೆಗಾಲಕ್ಕೆ ಮೆಕ್ಕೆಜೋಳ ಸ್ಟಾಕ್ ಮಾಡ್ಲೇಬೇಡಿ, ಆ ಮೂರು ತಿಂಗಳು ಸಜ್ಜೆ ಬಿಳಿ ಜೋಳ ಜಾಸ್ತಿ ಮಾಡಿ, ಸ್ವಲ್ಪ ಸ್ವಲ್ಪ ತನ್ನಿ. ಬಿಸಿಲಲ್ಲಿ ಒಣಗಿಸಿ, ತಣ್ಣಗಾದಮೇಲೆ ಮುಚ್ಚಳ ಬಿಗಿ ಇರೋ ಡ್ರಮ್ಮಿಗೆ ಹಾಕಿ, ಒಣಗಿದ ಬೇವಿನ ಸೊಪ್ಪು ಇಡಿ. ಹುಳಕ್ಕೆ ಅಂತ ಬೋರಿಕ್ ಪೌಡರ್, ಕಾಳಿಗೆ ಇಡೋ ಗುಳಿಗೆ ಎರಡೂ ಬೇಡ, ಆ ಗುಳಿಗೆ ಗ್ಯಾಸು ಮನುಷ್ಯರಿಗೂ ಪ್ರಾಣಕ್ಕೆ ಬರುತ್ತೆ. ಬಿತ್ತನೆ ಬೀಜ ಮಿಕ್ಕಿದೆ ಅಂತ ಊರಿಂದ ಯಾರಾದ್ರೂ ಕೊಟ್ರೆ, ಕೆಂಪೋ ಗುಲಾಬಿನೋ ಬಣ್ಣ ಇದ್ರೆ ಔಷಧಿ ಸವರಿದ್ದು ಅಂತ ಅರ್ಥ, ಒಂದು ಕಾಳೂ ಹಕ್ಕಿ ಬಾಯಿಗೆ ಹೋಗ್ಬಾರ್ದು.

ಕಾಳಿನ ಧೂಳು, ಹಿಕ್ಕೆ ಧೂಳು ನಿಮ್ಮ ಶ್ವಾಸಕೋಶಕ್ಕೂ ಒಳ್ಳೇದಲ್ಲ, ಗೂಡು ಗುಡಿಸೋವಾಗ ಮಾಸ್ಕ್ ಹಾಕ್ಕೊಳ್ಳಿ, ತಿಂಗಳುಗಟ್ಟಲೆ ಒಣ ಕೆಮ್ಮು ಇದ್ರೆ ಡಾಕ್ಟ್ರಿಗೆ ಪಾರಿವಾಳ ಸಾಕ್ತೀನಿ ಅಂತ ಹೇಳಿ.

ಒಂದರಿಂದ ಇನ್ನೊಂದಕ್ಕೆ ಬದಲಾಯಿಸೋದು

ಒಂದೇ ದಿನಕ್ಕೆ ಬದಲಾಯಿಸ್ಬೇಡಿ. ಹಳೇದ್ರಲ್ಲಿ ಕಾಲು ಭಾಗ ಹೊಸದು ಸೇರಿಸಿ ಮೂರ್ನಾಲ್ಕು ದಿನ, ಆಮೇಲೆ ಅರ್ಧ, ಆಮೇಲೆ ಮುಕ್ಕಾಲು. ಹೊಸ ಕಾಳನ್ನ ಬೆಳಗ್ಗೆ ಹಸಿವಿದ್ದಾಗ ಮೊದ್ಲು ಹಾಕಿ, ಹತ್ತು ನಿಮಿಷ ಬಿಟ್ಟು ಹಳೇದು. ಮರಿಗೆ ಉಣಿಸ್ತಿರೋ ಜೋಡಿಗೆ ಮಾತ್ರ ಈ ಪ್ರಯೋಗ ಬೇಡ, ಅವು ಹೊಸ ಕಾಳು ಬಿಟ್ಟು ಅರೆಹೊಟ್ಟೆಲಿ ಇದ್ರೆ ಮರಿನೂ ಅರೆಹೊಟ್ಟೆ. ಬದಲಾಯಿಸ್ತಿರೋ ಒಂದು ವಾರ ಹಿಕ್ಕೆ ನೋಡ್ತಾ ಇರಿ. ಗುಂಡಗೆ ಗಟ್ಟಿಯಾಗಿ, ಮೇಲೆ ಬಿಳಿ ಟೋಪಿ ಇದ್ದಂಗೆ ಇದ್ರೆ ಸರಿ. ಎರಡು ಮೂರು ದಿನ ಆದ್ರೂ ಹಸಿರು ನೀರಾಗೇ ಇದ್ರೆ ಹಳೇ ಕಾಳಿಗೆ ವಾಪಸ್ ಬಂದು ಹಿಕ್ಕೆ ಸ್ಯಾಂಪಲ್ ತಗೊಂಡು ಪಶುವೈದ್ಯರಿಗೆ ತೋರ್ಸಿ, ಹೊಸ ಕಾಳಿನ ಜೊತೆಗೇ ಕಾಯಿಲೆ ಬಂದಿದ್ರೆ ಕಾಳು ಬದಲಾಯಿಸಿದ್ದಕ್ಕೆ ಹಿಂಗಾಯ್ತು ಅಂದ್ಕೊಂಡು ಸುಮ್ನೆ ದಿನ ಕಳೆದುಹೋಗುತ್ತೆ.